ಎತ್ತುವ ಮೊದಲು ಕೇಳಿದ್ರಾ? ಸಮಾಜ ಕಾರ್ಯಕರ್ತರ ತರಬೇತಿಗೆ ವಿಪತ್ತಿನ ಕೆಲಸದಿಂದ ಏನು ತರಬೇಕು, ಏನು ಬಿಡಬೇಕು

ತರಬೇತಿ_ಮೇಜು

ಎಲ್ಲರಿಗೂ ನಮಸ್ಕಾರ. ಅಂಗವೈಕಲ್ಯ ಇರುವವರ ಮನೆಗಳಿಗೆ ಹೋಗಿ ಕೆಲಸ ಮಾಡುವ ಸಮಾಜ ಕಾರ್ಯಕರ್ತರಿಗೆ ನಾನು 11 ವರ್ಷದಿಂದ ತರಬೇತಿ ಕೊಡುತ್ತಿದ್ದೇನೆ. ಅದಕ್ಕೂ ಮೊದಲು ನೆರೆ ಬಂದಾಗ, ಭೂಕಂಪ ಆದಾಗ ಪರಿಹಾರ ಕೇಂದ್ರಗಳಲ್ಲಿ ದುಡಿದಿದ್ದೆ. ಈ ಎರಡು ಕೆಲಸ ಬೇರೆ ಬೇರೆ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಕಳೆದ ತಿಂಗಳು ನಡೆದ ಒಂದು ಸಂಗತಿ ನನ್ನ ತಲೆಯಲ್ಲೇ ಕೂತಿದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ತರಬೇತಿಯಲ್ಲಿ ಒಂದು ಮಾಕ್ ಡ್ರಿಲ್ ಇಟ್ಟಿದ್ದೆವು. ಎರಡನೇ ಮಹಡಿ. ಬೆಂಕಿ ಅಂತ ಲೆಕ್ಕ. ಲಿಫ್ಟ್ ಬಳಸುವ ಹಾಗಿಲ್ಲ. ವೀಲ್‌ಚೇರ್ ಬಳಸುವ ಒಬ್ಬ ಹೆಣ್ಣುಮಗಳು ನಮ್ಮ ಜೊತೆ ತರಬೇತಿ ಕೊಡಲು ಬಂದಿದ್ದರು. ಸೀಟಿ ಊದಿದ ಕೂಡಲೇ ಇಬ್ಬರು ಹುಡುಗರು ಓಡಿ ಹೋಗಿ, ಒಬ್ಬ ಕಂಕುಳಿಗೆ ಕೈ ಹಾಕಿ, ಇನ್ನೊಬ್ಬ ಮೊಣಕಾಲಿನ ಕೆಳಗೆ ಹಿಡಿದು, ಅವರನ್ನು ಎತ್ತಿಕೊಂಡು ದಡದಡ ಇಳಿದೇಬಿಟ್ಟರು. 40 ಸೆಕೆಂಡ್. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಕೆಳಗೆ ಕೂತ ಮೇಲೆ ಅವರು ಉಸಿರು ಸುಧಾರಿಸಿಕೊಂಡು ಮಾತಾಡಿದರು. "ನನ್ನ ಎಡಗಡೆ ಭುಜ ಬೇಗ ಕೀಲು ತಪ್ಪುತ್ತೆ, ನೀವು ಅಲ್ಲೇ ಹಿಡಿದ್ರಿ. ನನ್ನ ದಿಂಬು ಕುರ್ಚಿಯಲ್ಲೇ ಉಳಿಯಿತು. ಈ ಗಟ್ಟಿ ನೆಲದ ಮೇಲೆ ಸುಮ್ನೆ ಕೂತರೆ ಚರ್ಮ ಒಡೆಯೋಕೆ ಶುರುವಾಗುತ್ತೆ, ನನಗೆ ಅದು ಗೊತ್ತೂ ಆಗಲ್ಲ, ಯಾಕಂದ್ರೆ ಅಲ್ಲಿ ಸ್ಪರ್ಶ ಇಲ್ಲ. ಆಮೇಲೆ ನನ್ನನ್ನು ಕೆಳಗೆ ತಂದ್ರಿ, ನನ್ನ ಕಾಲು ಮೇಲೇ ಉಳಿಯಿತು." ಕಾಲು ಅಂದರೆ ವೀಲ್‌ಚೇರ್. ಕೊನೆಗೆ ಹೇಳಿದ್ದು ಇದು: "ಕುರ್ಚಿ ಹಿಂದಿನ ಚೀಲದಲ್ಲಿ ನನ್ನನ್ನು ಹೊರೋಕೆ ಅಂತಲೇ ಹಿಡಿಕೆ ಇರುವ ಬಟ್ಟೆ ಮಡಚಿ ಇಟ್ಟಿದ್ದೆ. ಯಾರೂ ಕೇಳಲಿಲ್ಲ."

ಅದೇ ಡ್ರಿಲ್ ಮತ್ತೆ ಮಾಡಿದೆವು. ಈ ಸಲ ಹುಡುಗರು ಮೊದಲು ಅವರ ಎದುರು ಮಂಡಿಯೂರಿ ಕೂತು "ಹೇಗೆ ಎತ್ತಬೇಕು ಹೇಳಿ" ಅಂದರು. ಅವರು ಹೇಳಿದ ಹಾಗೆ ಬಟ್ಟೆ ಹಾಸಿ, ದಿಂಬು ಅವರ ಮಡಿಲಲ್ಲೇ ಇಟ್ಟು, ನಾಲ್ಕು ಜನ ಹಿಡಿದು ಇಳಿಸಿದರು. ಐದನೆಯವಳು ಕುರ್ಚಿ ತಂದಳು. ಒಂದು ನಿಮಿಷ 50 ಸೆಕೆಂಡ್ ಆಯಿತು. ಹೆಚ್ಚಿಗೆ ಹಿಡಿದದ್ದು 70 ಸೆಕೆಂಡ್, ಅದರಲ್ಲಿ ಮಾತಿಗೆ ಹೋದದ್ದು ಬರೀ 20.

ವಿಪತ್ತಿನ ಕೆಲಸದಲ್ಲಿ ಈ ಪಾಠವನ್ನು ಜನ ಪ್ರಾಣ ಕೊಟ್ಟು ಕಲಿಸಿದ್ದಾರೆ. 2011ರಲ್ಲಿ ಜಪಾನಿನ ಪೂರ್ವ ಕರಾವಳಿಗೆ ಸುನಾಮಿ ಬಂದಾಗ, ಹೊಡೆತ ಬಿದ್ದ ಊರುಗಳಲ್ಲಿ ಅಂಗವೈಕಲ್ಯ ಇದ್ದವರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. 2013ರಲ್ಲಿ ವಿಶ್ವಸಂಸ್ಥೆಯ ವಿಪತ್ತು ವಿಭಾಗ ಎಷ್ಟೋ ದೇಶಗಳ ವಿಕಲಚೇತನರನ್ನೇ ನೇರವಾಗಿ ಕೇಳಿತು. ದಿಢೀರನೆ ಮನೆ ಬಿಡಬೇಕಾದರೆ ಕಷ್ಟವಿಲ್ಲದೆ ಕೂಡಲೇ ಹೊರಬರಬಲ್ಲೆವು ಅಂದವರು ನೂರಕ್ಕೆ 20 ಜನ ಮಾತ್ರ. 6 ಜನ ಹೊರಬರೋಕೇ ಆಗಲ್ಲ ಅಂದರು. ಉಳಿದವರಿಗೆಲ್ಲ ಒಂದಲ್ಲ ಒಂದು ತೊಡಕು.

ಇಷ್ಟೆಲ್ಲ ಗೊತ್ತಿದ್ದರೂ ನಮ್ಮ ತರಬೇತಿಯಲ್ಲಿ ಕಾನೂನು, ಯೋಜನೆ, ಅರ್ಜಿ ನಮೂನೆ, ಕಡತ ಬರೆಯುವುದು, ಇವೇ ತುಂಬಿವೆ. ಕರೆಂಟ್ ಹೋದ ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡವರ ಮನೆಯಲ್ಲಿ ಏನಾಗುತ್ತೆ ಅಂತ ಒಂದು ಗಂಟೆಯ ಪಾಠವೂ ಇಲ್ಲ. ಪಠ್ಯ ಹೊಸದಾಗಿ ಬರೆಯಬೇಕು ಅಂತ ಕೂತಿದ್ದೇನೆ. ವಿಪತ್ತಿನ ಕೆಲಸದಿಂದ ಏನು ತರಬೇಕು? ಏನನ್ನು ಅಲ್ಲೇ ಬಿಡಬೇಕು? ಕೆಲಸ ಮಾಡಿದವರು, ಅದಕ್ಕಿಂತ ಮುಖ್ಯವಾಗಿ ನೆರವು ಪಡೆದವರು, ದಯವಿಟ್ಟು ಬರೆಯಿರಿ.

ನೆರೆ_ನೋಡಿದವನು

ಮೊದಲು ತರಬೇಕಾದದ್ದು ಪ್ರಶ್ನೆ ಕೇಳುವ ರೀತಿ. ಪರಿಹಾರ ಕೇಂದ್ರದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. "ನಿಮ್ಮ ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ?" ಅಂತ ಎಲ್ಲರನ್ನೂ ಕೇಳಿದೆ. 200 ಜನ ಬಂದಿದ್ದರು, ಇಬ್ಬರು ಇದ್ದಾರೆ ಅಂದರು. ಹಾಗೇ ಬರೆದುಕೊಂಡೆ. ಆಮೇಲೆ ನಮ್ಮ ಹಿರಿಯ ಕಾರ್ಯಕರ್ತೆಯೊಬ್ಬರು ಆ ಪಟ್ಟಿ ನೋಡಿ ಇದು ಸಾಧ್ಯವೇ ಇಲ್ಲ ಅಂದರು. ವಾಷಿಂಗ್ಟನ್ ಗ್ರೂಪ್ ಪ್ರಶ್ನೆಗಳು ಅಂತ ಇವೆ, ಒಟ್ಟು ಆರು. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟ ಆಗುತ್ತಾ? ಕೇಳಲು? ನಡೆಯಲು, ಮೆಟ್ಟಿಲು ಹತ್ತಲು? ನೆನಪಿಟ್ಟುಕೊಳ್ಳಲು, ಗಮನ ಕೊಡಲು? ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು? ಮಾತಾಡಿ ಅರ್ಥ ಮಾಡಿಸಲು? ಉತ್ತರ ನಾಲ್ಕೇ ಬಗೆ: ಕಷ್ಟ ಇಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ. ಗಮನಿಸಿ, ಅಂಗವೈಕಲ್ಯ ಅನ್ನುವ ಪದವೇ ಇದರಲ್ಲಿ ಇಲ್ಲ.

ಮತ್ತೆ ಕೇಳಿದಾಗ ಪಟ್ಟಿ ಮೂರು ಹಾಳೆ ಆಯಿತು. ಕತ್ತಲಾದ ಮೇಲೆ ಶೌಚಾಲಯಕ್ಕೆ ಹೋಗಲಾಗದೆ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದ್ದ ಅಜ್ಜಿ ಒಬ್ಬರು ಅದರಲ್ಲಿದ್ದರು. ಎರಡು ದಿನದಿಂದ ನಮ್ಮ ಕಣ್ಣೆದುರೇ ಇದ್ದವರು. ಮನೆಭೇಟಿಗೆ ಹೋಗುವ ಕಾರ್ಯಕರ್ತರಿಗೂ ಮೊದಲ ದಿನವೇ ಇದನ್ನು ಕಲಿಸಬೇಕು ಅಂತ ನನ್ನ ಅಭಿಪ್ರಾಯ. ಯಾರೂ ತಮ್ಮ ಮೇಲೆ ತಾವೇ ಚೀಟಿ ಅಂಟಿಸಿಕೊಳ್ಳಲು ಇಷ್ಟಪಡಲ್ಲ. ಕಷ್ಟ ಯಾವುದು ಅಂತ ಕೇಳಿದರೆ ಹೇಳುತ್ತಾರೆ.

ನಾಲ್ಕು_ಚಕ್ರ

ನಾನು ವೀಲ್‌ಚೇರ್ ಬಳಸುವವನು. ಮೇಡಂ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಡ್ರಿಲ್ ಬಗ್ಗೆ ಬರೆದದ್ದು ಅಕ್ಷರಶಃ ನಿಜ. ಆದರೂ ನನಗೆ ಭಯ ಇದೆ, ಅದನ್ನು ನೇರವಾಗಿ ಹೇಳುತ್ತೇನೆ.

ನನ್ನ ಬದುಕು ವಿಪತ್ತಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೇನೆ, ಸಂಜೆ ಬರುತ್ತೇನೆ. ನಿಮ್ಮ ಕಾರ್ಯಕರ್ತರಿಗೆ ವಿಪತ್ತಿನ ಕನ್ನಡಕ ಹಾಕಿಸಿದರೆ ನಮ್ಮ ಮನೆ ಬಾಗಿಲಲ್ಲಿ ನಿಂತಾಗ ಅವರಿಗೆ ಸಂತ್ರಸ್ತ ಕಾಣುತ್ತಾನೆ, ನಾನು ಕಾಣಲ್ಲ. ಸಂತ್ರಸ್ತನಿಗೆ ಏನು ಬೇಕು ಅಂತ ಬಂದವರೇ ತೀರ್ಮಾನ ಮಾಡುತ್ತಾರೆ. ಅಲ್ಲಿ ಅವಸರ ಇರುತ್ತೆ, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಯಾವ ಅವಸರ?

ಇನ್ನೊಂದು, ಟ್ರಯಾಜ್. ಯಾರನ್ನು ಮೊದಲು ಉಳಿಸಬೇಕು, ಯಾರನ್ನು ಆಮೇಲೆ ಅಂತ ವಿಂಗಡಿಸುವುದು. 2020ರಲ್ಲಿ ಕೋವಿಡ್ ಬಂದಾಗ ಇಂಗ್ಲೆಂಡಿನಲ್ಲಿ ವೈದ್ಯರಿಗೆ ಒಂದು ಮಾರ್ಗಸೂಚಿ ಬಂತು. ತೀವ್ರ ನಿಗಾ ಘಟಕದ ಆರೈಕೆ ಯಾರಿಗೆ ಅಂತ ಯೋಚಿಸುವಾಗ ಒಂದು ಅಳತೆಗೋಲು ನೋಡಿ ಅಂತ ಅದರಲ್ಲಿತ್ತು. ಆ ಅಳತೆ ವಯಸ್ಸಾದವರಿಗೆ ಮಾಡಿದ್ದು. ದಿನದ ಕೆಲಸಕ್ಕೆ ಬೇರೆಯವರ ನೆರವು ಎಷ್ಟು ಬೇಕು ಅನ್ನುವುದರ ಮೇಲೆ ಅಂಕ. ನನ್ನಂಥವನಿಗೆ ಹುಟ್ಟಿದಾಗಿನಿಂದ ಸ್ನಾನಕ್ಕೆ ನೆರವು ಬೇಕು, ಹಾಗಂತ ನನ್ನ ಶ್ವಾಸಕೋಶ ದುರ್ಬಲ ಅಲ್ಲ, ಅಲ್ವಾ? ಜನ ದನಿ ಎತ್ತಿದ ಮೇಲೆ ಆ ಮಾರ್ಗಸೂಚಿಯನ್ನು ದಿನಗಳೊಳಗೆ ತಿದ್ದಿದರು, ಸ್ಥಿರವಾದ ದೀರ್ಘಕಾಲದ ಅಂಗವೈಕಲ್ಯ ಇರುವವರಿಗೆ ಈ ಅಳತೆ ಬಳಸಬೇಡಿ ಅಂತ ಸೇರಿಸಿದರು. ದನಿ ಎತ್ತದಿದ್ದರೆ?

ವಿಪತ್ತಿನ ಕೆಲಸದಿಂದ ಏನನ್ನು ಬಿಡಬೇಕು ಅಂತ ಕೇಳಿದ್ದೀರಿ. ಇದನ್ನು ಬಿಡಿ. ಜನರನ್ನು ಅಂಕ ಹಾಕಿ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸವನ್ನು ನಮ್ಮ ಮನೆಯೊಳಗೆ ತರಬೇಡಿ.

ತರಬೇತಿ_ಮೇಜು

ಸರ್, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನನ್ನ ಕರಡಿನಲ್ಲಿ ಟ್ರಯಾಜ್ ಮೇಲೆ ಒಂದು ಅರ್ಧ ದಿನದ ಪಾಠ ಇತ್ತು. ಅದನ್ನು ತೆಗೆಯುತ್ತೇನೆ. ಅದರ ಜಾಗದಲ್ಲಿ ನೀವು ಬರೆದ ಈ ಮಾರ್ಗಸೂಚಿಯ ಕಥೆಯನ್ನೇ ಇಡುತ್ತೇನೆ, ಕಾರ್ಯಕರ್ತರು ಯಾವಾಗ ದನಿ ಎತ್ತಬೇಕು ಅನ್ನುವುದಕ್ಕೆ ಉದಾಹರಣೆಯಾಗಿ.

ಸಂತ್ರಸ್ತ ಅನ್ನುವ ನೋಟದ ಬಗ್ಗೆ ಒಂದು ಮಾತು ಮಾತ್ರ. ವಿಪತ್ತಿನ ಕೆಲಸ ಮಾಡುವವರಲ್ಲೇ ಈ ತಪ್ಪನ್ನು ತಿದ್ದಿಕೊಂಡವರೂ ಇದ್ದಾರೆ. ಅಮೆರಿಕದಲ್ಲಿ ಸಿ-ಮಿಸ್ಟ್ ಅಂತ ಒಂದು ಚೌಕಟ್ಟು ಬಳಸುತ್ತಾರೆ. ವಿಶೇಷ ಅಗತ್ಯ ಇರುವವರು ಅಂತ ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಬೇಡಿ, ಕಾಯಿಲೆಯ ಹೆಸರು ಬರೆಯಬೇಡಿ, ಐದು ವಿಷಯ ಕೇಳಿ ಅನ್ನುತ್ತದೆ ಅದು. ಮಾತು ಮತ್ತು ಮಾಹಿತಿ ಹೇಗೆ ತಲುಪಬೇಕು, ಆರೋಗ್ಯ ಕಾಪಾಡಿಕೊಳ್ಳಲು ದಿನಾ ಏನು ಬೇಕು, ಸ್ವಂತವಾಗಿ ಇರಲು ಯಾವ ಸಲಕರಣೆ ಬೇಕು, ಯಾರ ನೆರವು ಮತ್ತು ಸುರಕ್ಷತೆ ಬೇಕು, ಓಡಾಟಕ್ಕೆ ಏನು ಬೇಕು. ಡ್ರಿಲ್‌ನಲ್ಲಿ ಆ ಹೆಣ್ಣುಮಗಳು ಹೇಳಿದ್ದನ್ನು ಇದಕ್ಕೆ ಹೊಂದಿಸಿ ನೋಡಿ. ದಿಂಬು ಆರೋಗ್ಯಕ್ಕೆ, ಕುರ್ಚಿ ಸ್ವಂತವಾಗಿ ಇರಲು, ಹಿಡಿಕೆಯ ಬಟ್ಟೆ ಅವರನ್ನು ಸಾಗಿಸಲು. ಅವರ ಕಾಯಿಲೆಯ ಹೆಸರು ಯಾರಿಗೂ ಬೇಕಾಗಲಿಲ್ಲ. ಈ ಐದು ಪ್ರಶ್ನೆ ನೆರೆಯ ದಿನಕ್ಕೂ ಸರಿ, ಸಾಮಾನ್ಯ ಸೋಮವಾರಕ್ಕೂ ಸರಿ.

ಅಮ್ಮ_ಒಬ್ಬಳು

ನನ್ನ ಮಗನಿಗೆ 14 ವರ್ಷ, ಆಟಿಸಂ ಇದೆ. ನೀರು ನುಗ್ಗಿದಾಗ ನಮ್ಮನ್ನು ಒಂದು ದೊಡ್ಡ ಹಾಲ್‌ಗೆ ಕರೆದುಕೊಂಡು ಹೋದರು. ಟ್ಯೂಬ್‌ಲೈಟ್, ಫ್ಯಾನ್ ಸದ್ದು, ಮೈಕ್, ಅಳುವ ಮಕ್ಕಳು. ಅವನು ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಬಡಿದುಕೊಳ್ಳಲು ಶುರು ಮಾಡಿದ. ಒಬ್ಬರಾದ ಮೇಲೆ ಒಬ್ಬರು ಬಂದು ಏನಾಗಿದೆ ಅಂತ ಕೇಳಿದರು. ಹುಟ್ಟಿದಾಗಿನಿಂದ ಹಿಡಿದು ಪೂರ್ತಿ ಕಥೆ ಆರು ಸಲ ಹೇಳಿದೆ, ಆರು ಜನಕ್ಕೆ, ಒಬ್ಬರು ಬರೆದುಕೊಂಡದ್ದು ಇನ್ನೊಬ್ಬರ ಕೈಗೆ ಹೋಗಲೇ ಇಲ್ಲ. ಏಳನೆಯವಳು ಒಬ್ಬ ಚಿಕ್ಕ ಹುಡುಗಿ. ಅವಳು ಏನೂ ಕೇಳಲಿಲ್ಲ. ಸುತ್ತ ನೋಡಿದಳು, ಮೆಟ್ಟಿಲ ಕೆಳಗೆ ಸಾಮಾನು ಇಡುವ ಸಣ್ಣ ಕೋಣೆ ಇತ್ತು, ಅದನ್ನು ಖಾಲಿ ಮಾಡಿಸಿ ಒಂದು ಚಾಪೆ ಹಾಸಿ, ಬಾಗಿಲಿಗೆ ಬೆಡ್‌ಶೀಟ್ ಕಟ್ಟಿಕೊಟ್ಟಳು. ಅವನು ಒಳಗೆ ಹೋಗಿ ಮೂರು ಗಂಟೆ ಮಲಗಿದ. ಆಮೇಲೆ ಅವಳು ನನ್ನ ಪಕ್ಕ ಕೂತು "ಅಕ್ಕಾ, ಅವನಿಗೆ ಏನು ಇಷ್ಟ?" ಅಂದಳು. ಆ ದಿನ ನಾನು ಅತ್ತದ್ದು ಆಗಲೇ.

ಆ ಹುಡುಗಿಗೆ ಇದನ್ನು ಯಾರು ಕಲಿಸಿದರೋ ಅವರನ್ನು ಕರೆಸಿ ಪಾಠ ಮಾಡಿಸಿ.

ಮೇಲೆ ಸರ್ ಹೇಳಿದ್ದು ಸರಿ, ನಮ್ಮ ಬದುಕು ವಿಪತ್ತಲ್ಲ. ಆದರೆ ನಮ್ಮಂಥ ಮನೆಗಳಲ್ಲಿ ಸಣ್ಣದೊಂದು ಬದಲಾದರೆ ಎಲ್ಲ ಬೀಳುತ್ತೆ, ಅದೂ ನಿಜ. ನನಗೆ ಜ್ವರ ಬಂದು ನಾಲ್ಕು ದಿನ ಏಳಲಾಗಲಿಲ್ಲ. ಊರಿಗೆ ಏನೂ ಆಗಿರಲಿಲ್ಲ, ನಮ್ಮ ಮನೆಗೆ ಮಾತ್ರ ನೆರೆ ಬಂದ ಹಾಗಿತ್ತು. ನಾನು ಮಲಗಿದರೆ ಅವನನ್ನು ನೋಡುವವರು ಯಾರು ಅಂತ ನಮ್ಮಲ್ಲಿಗೆ ಬರುತ್ತಿದ್ದ ಯಾವ ಕಾರ್ಯಕರ್ತರೂ ಅವತ್ತಿನ ತನಕ ಕೇಳಿರಲಿಲ್ಲ.

ನಾಲ್ಕು_ಚಕ್ರ

ಅಮ್ಮ, ನೀವು ಹೇಳಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನನ್ನ ಸಹಾಯಕ ಹೇಳದೆ ಕೇಳದೆ ಬಾರದೇ ಹೋದ ದಿನ ನಾನೂ ಮಧ್ಯಾಹ್ನದ ತನಕ ಹಾಸಿಗೆಯಲ್ಲೇ ಇದ್ದೆ. ಅಂಥ ದಿನಕ್ಕೆ ತಯಾರಿ ಬೇಕು. ಆ ತಯಾರಿ ನನ್ನ ಕೈಯಲ್ಲಿರಲಿ ಅನ್ನುವುದಷ್ಟೇ ನನ್ನ ಹಟ.

ಮೌನದ_ಮಾತು

ನನಗೆ ಕಿವಿ ಕೇಳಿಸುವುದಿಲ್ಲ. ನನ್ನ ಮೊದಲ ಭಾಷೆ ಸನ್ನೆ ಭಾಷೆ, ಬರೆಯುವುದರಲ್ಲಿ ತಪ್ಪಿದ್ದರೆ ಹೊಂದಿಕೊಳ್ಳಿ.

ಪರಿಹಾರ ಕೇಂದ್ರದಲ್ಲಿ ಎಲ್ಲವನ್ನೂ ಮೈಕಿನಲ್ಲಿ ಹೇಳುತ್ತಾರೆ. ನೀರು ಎಲ್ಲಿ, ಔಷಧಿ ಎಷ್ಟು ಗಂಟೆಗೆ, ಬಸ್ ಯಾವಾಗ. ಜನ ಎದ್ದು ಒಂದು ಕಡೆ ನಡೆಯಲು ಶುರು ಮಾಡಿದರೆ ನಾನೂ ಎದ್ದು ಹೋಗುತ್ತಿದ್ದೆ, ಎಲ್ಲಿಗೆ ಅಂತ ಗೊತ್ತಿಲ್ಲದೆ. ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ ಇದ್ದಿದ್ದರೆ ಸಾಕಿತ್ತು.

ತರಬೇತಿಗೆ ಒಂದು ಸಲಹೆ. ಒಂದೇ ವಿಷಯವನ್ನು ಎರಡು ದಾರಿಯಲ್ಲಿ ತಲುಪಿಸದೆ ಕೆಲಸ ಮುಗಿಯಿತು ಅನ್ನಬಾರದು, ಇದನ್ನು ನಿಯಮ ಮಾಡಿ. ಮೈಕಿನಲ್ಲಿ ಹೇಳಿದರೆ ಹಲಗೆಯಲ್ಲೂ ಬರೆಯಬೇಕು. ಹಲಗೆಯಲ್ಲಿ ಬರೆದರೆ ಕಣ್ಣು ಕಾಣದವರಿಗೆ ಹೋಗಿ ಹೇಳಬೇಕು. ನಿಮ್ಮ ತರಬೇತಿಯ ಮೂರು ದಿನವೂ ಈ ನಿಯಮ ಪಾಲಿಸಿ, ಊಟದ ವೇಳೆ ಹೇಳುವಾಗಲೂ. ಮೂರು ದಿನದಲ್ಲಿ ಕೈಗೆ ಹತ್ತುತ್ತದೆ.

ಒಂದು ಬೇಡಿಕೆ ಕೂಡ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದು, ಕಿವಿಗೆ ಹತ್ತಿ ತುರುಕುವುದು, ಇಂಥ ಆಟ ಆಡಿಸಬೇಡಿ. ಹತ್ತು ನಿಮಿಷ ಕಣ್ಣು ಕಟ್ಟಿದವರಿಗೆ ಭಯ ಗೊತ್ತಾಗುತ್ತದೆ, ಕಣ್ಣಿಲ್ಲದೆ 20 ವರ್ಷ ಬದುಕಿದವರ ಜಾಣ್ಮೆ ಗೊತ್ತಾಗುವುದಿಲ್ಲ. ಅವರು ಮನೆಗೆ ಕರುಣೆ ಹೊತ್ತು ಹೋಗುತ್ತಾರೆ. ನಮಗೆ ಅದು ಬೇಡ.

ಹೊಸಬಳು

ನಾನು ಈ ಕೆಲಸಕ್ಕೆ ಸೇರಿ ಎಂಟು ತಿಂಗಳು. ನನ್ನ ಪಟ್ಟಿಯಲ್ಲಿ 60 ಮನೆ ಇವೆ. ಇದನ್ನೆಲ್ಲ ಓದಿ ಆಸೆಯೂ ಆಯಿತು, ಸಂಕಟವೂ ಆಯಿತು. ಐದು ಪ್ರಶ್ನೆ, ಆರು ಪ್ರಶ್ನೆ, ಎರಡು ದಾರಿ, ಎಲ್ಲ ಸರಿ, ಆದರೆ ಒಂದು ಮನೆಗೆ ನನಗೆ ಸಿಗುವುದು ತಿಂಗಳಿಗೆ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಕಾಗದ ಪತ್ರಕ್ಕೇ ಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಇನ್ನೊಂದು ಕೇಳಬೇಕು ಅನಿಸುತ್ತಿದೆ. ನಾನು ಹೋಗುತ್ತಿದ್ದ ಮನೆಯ ಒಬ್ಬರು ಮೊನ್ನೆ ತೀರಿಕೊಂಡರು. ಮರುದಿನ ಕಚೇರಿಯಲ್ಲಿ ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ ಏನಾಯಿತು, ಏನನಿಸಿತು ಅಂತ ಒಬ್ಬೊಬ್ಬರೇ ಹೇಳಿ ಅಂದರು. ನನಗೆ ಬಾಯಿ ಬರಲಿಲ್ಲ. ಹೇಳದಿದ್ದರೆ ಒಳಗೇ ಕೊಳೆಯುತ್ತೆ ಅಂದರು. ಅದು ನಿಜವಾ?

ನೆರೆ_ನೋಡಿದವನು

ತಂಗಿ, ಎರಡನೆಯದಕ್ಕೆ ಮೊದಲು ಉತ್ತರ. ಅದು ನಿಜವಲ್ಲ. ವಿಪತ್ತಿನ ಕೆಲಸದಲ್ಲೂ ಒಂದು ಕಾಲಕ್ಕೆ ಹೀಗೇ ಮಾಡುತ್ತಿದ್ದರು, ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಹೇಳಿಸುವುದು. ಆಮೇಲೆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಮುಂದಿನ ಮಾನಸಿಕ ಆಘಾತ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗಲೂಬಹುದು ಅಂತ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಹೆಜ್ಜೆ: ನೋಡು, ಕೇಳಿಸಿಕೋ, ಜೋಡಿಸು. ಅಪಾಯ ಏನಿದೆ, ಯಾರಿಗೆ ಏನು ಬೇಕು ಅಂತ ನೋಡುವುದು. ಅವರು ಹೇಳಿದರೆ ಕೇಳಿಸಿಕೊಳ್ಳುವುದು, ಒತ್ತಾಯ ಮಾಡದೆ. ಬೇಕಾದ ನೆರವಿಗೆ, ಅವರ ಸ್ವಂತ ಜನರಿಗೆ ಜೋಡಿಸುವುದು. ಅಮ್ಮ ಬರೆದ ಆ ಹುಡುಗಿ ಮಾಡಿದ್ದು ಇದನ್ನೇ. ನಿಮಗೂ ಅದೇ ಸಲ್ಲಬೇಕು. ಮಾತಾಡಬೇಕು ಅನಿಸಿದಾಗ, ನಿಮಗೆ ಬೇಕಾದವರ ಹತ್ತಿರ ಮಾತಾಡಿ. ಈಗ ಬೇಡ ಅಂದರೆ ಬೇಡ.

ತರಬೇತಿ_ಮೇಜು

ಹೊಸಬಳು ಅವರೇ, 60 ಮನೆ ಅನ್ನುವುದು ನಿಮ್ಮ ತಪ್ಪಲ್ಲ, ಅದನ್ನು ನಿಮ್ಮ ಮೇಲಿನವರಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಶುರು ಎಲ್ಲಿಂದ ಅಂದರೆ: ಕರೆಂಟ್ ಮೇಲೆ ನಡೆಯುವ ಯಂತ್ರ ಇರುವ ಮನೆಗಳು, ಒಬ್ಬರೇ ಇರುವವರು, ಒಬ್ಬರ ಮೇಲೇ ಪೂರ್ತಿ ನಿಂತಿರುವ ಮನೆಗಳು. 60ರಲ್ಲಿ ಅವು ಹತ್ತೋ ಹನ್ನೆರಡೋ ಇರಬಹುದು. ಒಂದು ಭೇಟಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಈ ತಿಂಗಳು ಕರೆಂಟ್ ಬಗ್ಗೆ: ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಕೊನೆಯ ಸಲ ಯಾವಾಗ ನೋಡಿದ್ರಿ, ಮುಗಿದರೆ ಎಲ್ಲಿಗೆ ಹೋಗ್ತೀರಿ. ಮುಂದಿನ ತಿಂಗಳು ಔಷಧಿ. ಉತ್ತರವನ್ನು ನಿಮ್ಮ ಕಡತದಲ್ಲಿ ಮಾತ್ರ ಇಡಬೇಡಿ. ಒಂದು ರಟ್ಟಿನ ಮೇಲೆ ಅವರ ಮಾತಿನಲ್ಲೇ ಬರೆದು ಅವರ ಕೈಗೆ ಕೊಡಿ. ಕಥೆಯನ್ನು ಆರು ಸಲ ಹೇಳುವ ಕಷ್ಟ ಆಗ ತಪ್ಪುತ್ತದೆ.

ಇದೂ ವಿಂಗಡಣೆಯೇ ಅಲ್ವಾ ಅಂತ ನಾಲ್ಕು_ಚಕ್ರ ಅವರು ಕೇಳಬಹುದು.

ನಾಲ್ಕು_ಚಕ್ರ

ಕೇಳಲ್ಲ. ಮೊದಲು ಯಾರ ಮನೆಗೆ ಹೋಗಬೇಕು ಅಂತ ನೋಡುವುದು ಬೇರೆ, ಯಾರನ್ನು ಬಿಡಬೇಕು ಅಂತ ನೋಡುವುದು ಬೇರೆ. 61ನೇ ದಿನವಾದರೂ 60ನೇ ಮನೆಗೆ ಹೋಗುತ್ತೀರಿ ಅಂತಾದರೆ ನನ್ನ ತಕರಾರಿಲ್ಲ. ರಟ್ಟು ಮಾತ್ರ ನಮ್ಮ ಹತ್ತಿರವೇ ಇರಲಿ, ಅದರಲ್ಲಿ ಏನು ಬರೆಯಬೇಕು, ಯಾರಿಗೆ ತೋರಿಸಬೇಕು ಅನ್ನುವುದು ನಮ್ಮ ಇಷ್ಟ.

ನೆರೆ_ನೋಡಿದವನು

ಜಪಾನಿನ ಮಾತು ಬಂದದ್ದರಿಂದ ಇನ್ನೊಂದು. ಹೊಕ್ಕೈಡೊ ದ್ವೀಪದಲ್ಲಿ ಉರಕಾವ ಅಂತ ಕಡಲ ದಂಡೆಯ ಸಣ್ಣ ಊರಿದೆ. ಅಲ್ಲಿ ಬೆಥೆಲ್ ಹೌಸ್ ಅಂತ, ಸ್ಕಿಜೋಫ್ರೇನಿಯಾದಂಥ ಮಾನಸಿಕ ತೊಂದರೆ ಇರುವವರು ಒಟ್ಟಿಗೆ ಬದುಕುವ, ದುಡಿಯುವ ಸಮುದಾಯ ಇದೆ. ಸುನಾಮಿ ಬಂದರೆ ಏನು ಮಾಡಬೇಕು ಅಂತ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ತಮ್ಮದೇ ಮನೆಯಿಂದ ಎತ್ತರದ ಜಾಗಕ್ಕೆ ಹೋಗುವ ದಾರಿಯ ಫೋಟೊಗಳನ್ನು ಹಾಕಿ, ದನಿ ಸೇರಿಸಿ, ಅರ್ಥವಾಗುವ ಹಾಗೆ ಪಾಠ ಮಾಡಿಕೊಂಡು, ಮತ್ತೆ ಮತ್ತೆ ನಡೆದು ನೋಡಿದ್ದರು. 2011ರಲ್ಲಿ ಎಚ್ಚರಿಕೆ ಬಂದಾಗ ಅವರು ತಾವೇ ಎತ್ತರಕ್ಕೆ ಹೋದರು. ಇಂಥವರಿಗೆ ತಿಳಿಯಲ್ಲ, ಗಾಬರಿ ಆಗುತ್ತಾರೆ ಅಂತ ನಾವು ಯಾರನ್ನು ಡ್ರಿಲ್‌ಗೆ ಕರೆಯುವುದೇ ಇಲ್ಲವೋ ಅವರೇ ಇವರು. ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮುಗಿಯಲಿಲ್ಲ. ಕಾರ್ಯಕರ್ತೆ ಬಂದು ಮುಟ್ಟುವ ಮೊದಲೇ ನೀರು ಬರುತ್ತದೆ.

ಓದುಗ_ಒಬ್ಬ

ಸುಮ್ನೆ ಓದುತ್ತಿದ್ದೆ, ಒಂದು ಅನುಮಾನ. ಎತ್ತುವಾಗ ಪೆಟ್ಟಾದರೆ ಹೊಣೆ ಯಾರು? ಅದಕ್ಕೆ ಹೆದರಿ ಎಷ್ಟೋ ಸಂಸ್ಥೆಗಳು "ಬೆಂಕಿ ಬಿದ್ದರೆ ಅಲ್ಲೇ ಇರಿ, ಅಗ್ನಿಶಾಮಕದವರು ಬರುತ್ತಾರೆ" ಅಂತ ಬರೆದು ಕೈ ತೊಳೆದುಕೊಳ್ಳುತ್ತವೆ.

ನಾಲ್ಕು_ಚಕ್ರ

ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ ಬೆಂಕಿ ಬಿದ್ದು 72 ಜನ ಸತ್ತರು. ಅಲ್ಲಿ ವಾಸವಿದ್ದ ವಿಕಲಚೇತನರು 37 ಜನ, ಅವರಲ್ಲಿ 15 ಜನ ಬದುಕಲಿಲ್ಲ. ಹೊರಬರುವುದು ಹೇಗೆ ಅಂತ ಅವರಿಗೆ ಒಬ್ಬೊಬ್ಬರ ಹೆಸರಿನಲ್ಲಿ ಯೋಜನೆ ಇರಲಿಲ್ಲ. ಅಲ್ಲೇ ಇರಿ ಅನ್ನುವ ಸಲಹೆಯ ಬೆಲೆ ಅದು. ಹೊಣೆಯ ಪ್ರಶ್ನೆ ಸರಿಯೇ, ಅದಕ್ಕೆ ಉತ್ತರ ಅಭ್ಯಾಸ. ನನ್ನನ್ನು ಹೇಗೆ ಹಿಡಿಯಬೇಕು ಅಂತ ಶಾಂತವಾಗಿರುವ ದಿನ ನಾನೇ ತೋರಿಸಿಕೊಟ್ಟರೆ ಬೆಂಕಿಯ ದಿನ ಪೆಟ್ಟು ಕಡಿಮೆ. ಅಗ್ನಿಶಾಮಕದವರನ್ನೂ ಅದೇ ಅಭ್ಯಾಸಕ್ಕೆ ಕರೆಯಿರಿ.

ಮೇಡಂ, ಕೊನೆಯದಾಗಿ ಒಂದು. ನಿಮ್ಮ ತರಬೇತಿಗೆ ಬಂದ ಆ ಹೆಣ್ಣುಮಗಳಿಗೆ ಸಂಭಾವನೆ ಕೊಟ್ಟಿರಾ? ನನ್ನನ್ನು ಇಂಥ ಕಡೆಗೆ ಬಹಳ ಸಲ ಕರೆದಿದ್ದಾರೆ. ಶಾಲು ಹೊದಿಸಿ ಕಳಿಸುತ್ತಾರೆ. ಪಕ್ಕದಲ್ಲಿ ಪಾಠ ಮಾಡಿದ ಡಾಕ್ಟರರಿಗೆ ಮಾತ್ರ ಲಕೋಟೆ.

ತರಬೇತಿ_ಮೇಜು

ಕೊಟ್ಟಿದ್ದೇವೆ, ಆದರೆ ಉಳಿದ ತರಬೇತುದಾರರಿಗೆ ಕೊಟ್ಟದ್ದರ ಅರ್ಧ. ನೀವು ಕೇಳಿದ ಮೇಲೆ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಬಾಕಿ ಅರ್ಧವನ್ನು ಈ ವಾರ ಕಳಿಸುತ್ತೇನೆ, ಅವರಿಗೆ ಫೋನ್ ಮಾಡಿ ಕ್ಷಮೆಯನ್ನೂ ಕೇಳುತ್ತೇನೆ.

ಪಠ್ಯದ ಹೊಸ ಕರಡನ್ನು ಇಲ್ಲೇ ಹಾಕುತ್ತೇನೆ. ಮೊದಲ ದಿನದ ಬೆಳಗಿನ ಎರಡು ಗಂಟೆ ಖಾಲಿ ಬಿಟ್ಟಿದ್ದೇನೆ. ನಾಲ್ಕು_ಚಕ್ರ, ಮೌನದ_ಮಾತು, ಅಮ್ಮ, ನೀವು ಮೂವರು ಒಪ್ಪಿದರೆ ಅದು ನಿಮ್ಮದು, ಪೂರ್ತಿ ಸಂಭಾವನೆಯ ಜೊತೆ. ಮೌನದ_ಮಾತು ಅವರೇ, ಸನ್ನೆ ಭಾಷೆಯ ಅನುವಾದಕರು ಎಷ್ಟು ಜನ ಬೇಕು ಅಂತ ತಿಳಿಸಿ.

ಮೌನದ_ಮಾತು

ಬರುತ್ತೇನೆ. ಇಬ್ಬರು ಬೇಕು, 20 ನಿಮಿಷಕ್ಕೊಮ್ಮೆ ಒಬ್ಬರನ್ನೊಬ್ಬರು ಬದಲಾಯಿಸಬೇಕು, ಇಲ್ಲದಿದ್ದರೆ ಕೈ ಸೋಲುತ್ತದೆ, ಅನುವಾದ ತಪ್ಪುತ್ತದೆ. ಬೆಳಕು ಅವರ ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ. ಕಪ್ಪು ಹಲಗೆ ನಾನೇ ತರುತ್ತೇನೆ.

ಅಮ್ಮ_ಒಬ್ಬಳು

ನಾನೂ ಬರುತ್ತೇನೆ. ಮಗನನ್ನೂ ಕರೆದುಕೊಂಡು ಬರಬೇಕಾಗುತ್ತೆ. ಸದ್ದಿಲ್ಲದ ಒಂದು ಕೋಣೆ ಇದ್ದರೆ ಮೊದಲೇ ಅದರ ಫೋಟೊ ಕಳಿಸಿ, ಒಂದು ವಾರ ಮುಂಚೆ. ಅವನಿಗೆ ದಿನಾ ತೋರಿಸುತ್ತೇನೆ.